ಒಂದೇ ಹೆಸರಿನ ಎರಡು ಸ್ಟೇಷನ್

ಭಾಗ 1/8

ಮೊದಲ ಫೋಟೋ ನೋಡಿ. ಬೋರ್ಡ್ ಮೇಲೆ ಸರ್ ಎಂ. ವಿಶ್ವೇಶ್ವರಯ್ಯ ಅಂತ ಇದೆ. ಈಗ ಸ್ವೈಪ್ ಮಾಡಿ. ಎರಡನೇ ಫೋಟೋದಲ್ಲೂ ಅದೇ ಹೆಸರು. ಒಂದೇ ಸ್ಟೇಷನ್ನಿನ ಎರಡು ಫೋಟೋ ಹಾಕಿದೀನಿ ಅಂದ್ಕೊಂಡ್ರಾ? ಅಲ್ಲ ಕಣ್ರೀ. ಮೊದಲನೆಯದು ನಾನು ಕಾಲೇಜಿಗೆ ಬರುವಾಗ ಇಳಿಯೋ ಸ್ಟೇಷನ್, ನಮ್ಮ ನೇರಳೆ ಮಾರ್ಗದ್ದು. ವಿಶ್ವೇಶ್ವರಯ್ಯನವರು ಓದಿದ ಸೆಂಟ್ರಲ್ ಕಾಲೇಜು ಅದರ ಪಕ್ಕದಲ್ಲೇ ಇದೆ. ಎರಡನೆಯದು ದೆಹಲಿಯ ಪಿಂಕ್ ಲೈನ್‌ನಲ್ಲಿರೋ ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. ಅಷ್ಟು ದೂರ ಹೋಗಿ ನಮ್ಮ ಮುದ್ದೇನಹಳ್ಳಿಯವರ ಹೆಸರು ನೋಡಿದಾಗ ಒಂಥರಾ ಖುಷಿ. ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಐದಾರು ಫೋಟೋ ತಗೊಂಡೆ. ಅಕ್ಕ ನಕ್ಕಳು.

ಈ ಎರಡು ಸ್ಟೇಷನ್‌ಗಳ ನಡುವೆ ನಾನೊಂದು ಲೆಕ್ಕ ಹಾಕ್ಬೇಕಿತ್ತು. ವಿಷಯ ಏನಂದ್ರೆ, ಇಂದಿರಾನಗರದಲ್ಲಿ ಒಬ್ಬ ಆಡಿಟರ್ ಆಫೀಸಲ್ಲಿ ನನಗೆ ಸಂಜೆ ಕೆಲಸ ಸಿಕ್ಕಿತ್ತು. ಐದೂವರೆಯಿಂದ ಎಂಟೂವರೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ಬಿಲ್ ಹೊಂದಿಸೋದು. ತಿಂಗಳಿಗೆ 7,000. ಬಿಕಾಂ ಓದೋರಿಗೆ ಇಂಥ ಕೆಲಸ ಅಂದ್ರೆ ದುಡ್ಡಿಗಿಂತ ಹೆಚ್ಚು, ನಿಮಗೇ ಗೊತ್ತು. ಮನೆ ಮಾತ್ರ ಕೆಂಗೇರಿ ಉಪನಗರ. ಅಲ್ಲೂ ಸ್ಟೇಷನ್ನಿಂದ ಎರಡು ಕಿಲೋಮೀಟರ್ ಒಳಗೆ.

ಅಪ್ಪ ಲಗೇಜ್ ಆಟೋ ಓಡಿಸ್ತಾರೆ. ಬೇಡ ಅಂತ ಅವರು ಒಮ್ಮೆಯೂ ಹೇಳ್ಲಿಲ್ಲ. ಒಂದೇ ಮಾತು ಹೇಳಿದ್ರು: "ಹೇಗೆ ಬರ್ತೀಯ ಅಂತ ಪೂರ್ತಿ ಹೇಳಮ್ಮ. ಸ್ಟೇಷನ್ ತನಕ ಅಲ್ಲ, ಮನೆ ಬಾಗಿಲ ತನಕ."

ನನ್ನ ಹತ್ರ ಉತ್ತರ ಇರ್ಲಿಲ್ಲ. ಅಷ್ಟರಲ್ಲಿ ಸೆಮಿಸ್ಟರ್ ರಜೆ ಬಂತು. ಅಮ್ಮನ ಜೊತೆ ದೆಹಲಿಯ ಚಿಕ್ಕಮ್ಮನ ಮನೆಗೆ ಹೊರಟೆ.

ಭಾಗ 2/8

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಚಿಕ್ಕಮ್ಮನ ಮನೆ ಆರ್.ಕೆ. ಪುರದಲ್ಲಿ. ದೆಹಲಿ ಕರ್ನಾಟಕ ಸಂಘ ಇರೋದೂ ಅದೇ ಆರ್.ಕೆ. ಪುರದಲ್ಲೇ. ಅವರ ಮಗಳು, ನನ್ನ ಅಕ್ಕ, ದೆಹಲಿ ವಿಶ್ವವಿದ್ಯಾಲಯದ ನಾರ್ತ್ ಕ್ಯಾಂಪಸ್‌ನಲ್ಲಿ ಓದ್ತಾಳೆ. ದಿನಾ ಮೆಟ್ರೋ. ಸಂಜೆ ಕ್ಲಾಸ್ ಇದ್ದರೆ ಒಂಬತ್ತಕ್ಕೆ ಮನೆ. ಅವಳಿಗೆ ಅದೊಂದು ವಿಷಯವೇ ಅಲ್ಲ.

ಹನ್ನೆರಡು ದಿನ ಅವಳ ಹಿಂದೆ ಸುತ್ತಿದೆ. ಮೊದಲು ನೀವು ಕಾಮೆಂಟ್‌ನಲ್ಲಿ ಕೇಳೋ ಪ್ರಶ್ನೆಗೆ ಉತ್ತರ ಕೊಟ್ಟುಬಿಡ್ತೀನಿ. ಯಾವುದು ದೊಡ್ಡದು? ಕೇಳೋದೇ ಬೇಡ, ದೆಹಲಿ. ಅವರ ಮೊದಲ ರೈಲು ಓಡಿದ್ದು 2002ರ ಡಿಸೆಂಬರ್‌ನಲ್ಲಿ, ಶಾಹದರಾದಿಂದ ತೀಸ್ ಹಜಾರಿಗೆ. ನಮ್ಮದು 2011ರ ಅಕ್ಟೋಬರ್ 20, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಏಳು ಕಿಲೋಮೀಟರೂ ಇರ್ಲಿಲ್ಲ. ಅವರು ನಮಗಿಂತ ಸುಮಾರು ಒಂಬತ್ತು ವರ್ಷ ಹಿರಿಯರು. ಈಗ ನೋಯ್ಡಾ, ಗುರುಗ್ರಾಮ ಎಲ್ಲ ಸೇರಿದ್ರೆ ಅವರದು 390 ಕಿ.ಮೀ. ದಾಟುತ್ತೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ ನಮ್ಮದು 96 ಕಿ.ಮೀ. ಆಯ್ತು.

ರೈಲೂ ಬೇರೆ ಥರ. ದೆಹಲಿಯಲ್ಲಿ ಕರೆಂಟ್ ಬರೋದು ಮೇಲಿನ ತಂತಿಯಿಂದ. ನಮ್ಮಲ್ಲಿ ಮೇಲೆ ತಂತಿ ಇಲ್ಲ, ಹಳಿಯ ಪಕ್ಕ ಇರೋ ಮೂರನೇ ಹಳಿಯಲ್ಲಿ 750 ವೋಲ್ಟ್ ಹರಿಯುತ್ತೆ. (ಫೋನ್ ಕೆಳಗೆ ಬಿದ್ರೂ ದಯವಿಟ್ಟು ಇಳೀಬೇಡಿ, ಸಿಬ್ಬಂದಿಗೆ ಹೇಳಿ.) ದೆಹಲಿಯ ಹಳೇ ಮಾರ್ಗಗಳು ಬ್ರಾಡ್ ಗೇಜ್, ಹಳಿಗಳ ಅಂತರ 1676 ಮಿ.ಮೀ. ನಮ್ಮದೂ ಅವರ ಪಿಂಕ್ ಲೈನೂ ಸ್ಟ್ಯಾಂಡರ್ಡ್ ಗೇಜ್, 1435 ಮಿ.ಮೀ. ಹಾಗಾಗಿ ಅವರ ಯೆಲ್ಲೋ ಲೈನ್ ಬೋಗಿ ಒಳಗೆ ಕಾಲಿಟ್ಟ ತಕ್ಷಣ ಅಗಲ ಗೊತ್ತಾಗುತ್ತೆ.

ಆದ್ರೆ ಅಪ್ಪನ ಪ್ರಶ್ನೆಗೆ ಇದ್ಯಾವುದೂ ಉತ್ತರ ಅಲ್ಲ. ಕಿಲೋಮೀಟರ್ ಎಷ್ಟಾದ್ರೂ ಇರ್ಲಿ, ನನ್ನ ಮನೆ ಬಾಗಿಲು ಅದರಲ್ಲಿ ಎಲ್ಲಿ ಬರುತ್ತೆ? ಅದಕ್ಕೇ ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆದೆ: ಸುತ್ತು, ತಪ್ಪು, ದುಡ್ಡು, ಕೊನೆಯ ಎರಡು ಕಿಲೋಮೀಟರ್.

ಭಾಗ 3/8: ಸುತ್ತು

ಒಂದು ಪೇಪರ್ ತಗೊಳ್ಳಿ. ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ನೇರಳೆ, ಮಾದಾವರದಿಂದ ರೇಷ್ಮೆ ಸಂಸ್ಥೆ ಹಸಿರು. ಎರಡೂ ಸೇರೋ ಜಾಗ ಮೆಜೆಸ್ಟಿಕ್. ಬಹಳ ವರ್ಷ ನಮ್ಮ ಮೆಟ್ರೋ ಅಂದ್ರೆ ಈ ಕೂಡಿಸುವ ಚಿಹ್ನೆ ಅಷ್ಟೇ. ಹಳದಿ ಮಾರ್ಗ ಬಂದ ಮೇಲೆ ಆರ್.ವಿ. ರಸ್ತೆಯಲ್ಲಿ ಇನ್ನೊಂದು ಗಂಟು ಬಿತ್ತು. ಆದ್ರೂ ನೇರಳೆಯಿಂದ ಹಸಿರಿಗೆ ಹೋಗ್ಬೇಕಂದ್ರೆ ಮೆಜೆಸ್ಟಿಕ್‌ಗೆ ಬರಲೇಬೇಕು. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿನ ಎಸ್ಕಲೇಟರ್ ಮುಂದೆ ನಿಂತೋರಿಗೆ ನಾನೇನೂ ಹೇಳ್ಬೇಕಾಗಿಲ್ಲ.

ದೆಹಲಿಯಲ್ಲೂ ಅಂಥದ್ದೊಂದು ಜಾಗ ಇದೆ, ರಾಜೀವ್ ಚೌಕ್. ಬ್ಲೂ ಮತ್ತೆ ಯೆಲ್ಲೋ ಅಲ್ಲಿ ಸೇರುತ್ತವೆ. ನೂಕು ನೋಡಿದ್ರೆ ನಮ್ಮ ಮೆಜೆಸ್ಟಿಕ್ಕೇ ನೆಮ್ಮದಿ ಅನ್ಸುತ್ತೆ. ಆದ್ರೆ ಅಲ್ಲಿ ಎಲ್ಲರೂ ನಡುಮಧ್ಯಕ್ಕೇ ಬರ್ಬೇಕು ಅಂತ ಇಲ್ಲ. ಪಿಂಕ್ ಲೈನ್ ರಿಂಗ್ ರೋಡ್ ಹಿಡಿದು ಊರು ಸುತ್ತುತ್ತೆ, ದಾರಿಯಲ್ಲಿ ಬೇರೆ ಬೇರೆ ಲೈನ್‌ಗಳನ್ನ ಮುಟ್ಟುತ್ತಾ ಹೋಗುತ್ತೆ. ಅಕ್ಕ ಕಾಲೇಜಿಗೆ ಹೋಗೋದು ಹೀಗೆ: ಮೋತಿ ಬಾಗ್‌ನಿಂದ ಪಿಂಕ್, ದಿಲ್ಲಿ ಹಾಟ್-ಐಎನ್‌ಎಯಲ್ಲಿ ಯೆಲ್ಲೋ, ಅಲ್ಲಿಂದ ಸೀದಾ ವಿಶ್ವವಿದ್ಯಾಲಯ. ರಾಜೀವ್ ಚೌಕ್‌ನಲ್ಲಿ ರೈಲು ನಿಲ್ಲುತ್ತೆ, ಅವಳು ಇಳಿಯೋದೇ ಇಲ್ಲ.

ನಮ್ಮಲ್ಲೂ ಹೊರ ವರ್ತುಲ ರಸ್ತೆಯಲ್ಲಿ ನೀಲಿ ಮಾರ್ಗದ ಕೆಲಸ ನಡೀತಿದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಅಲ್ಲಿಂದ ಹೆಬ್ಬಾಳದ ಕಡೆಯಿಂದ ಏರ್‌ಪೋರ್ಟ್. ಅದು ಬಂದಾಗ ನಮ್ಮ ಚಿಹ್ನೆ ಬಲೆ ಆಗೋಕೆ ಶುರು.

ನನ್ನ ಮಟ್ಟಿಗೆ ಈ ಕಾಲಂನಲ್ಲಿ ಬೆಂಗಳೂರಿಗೆ ಪೂರ್ತಿ ಮಾರ್ಕ್ಸ್. ಕೆಂಗೇರಿ, ಕಾಲೇಜು, ಇಂದಿರಾನಗರ ಮೂರೂ ಒಂದೇ ನೇರಳೆ ಗೆರೆ ಮೇಲೆ. ಬದಲಾಯಿಸೋದೇ ಇಲ್ಲ. ಅದೃಷ್ಟ ಅಂದ್ರೆ ಇದೇ. ಹಸಿರು ಮಾರ್ಗದ ಫ್ರೆಂಡ್ಸ್, ಹೊಟ್ಟೆ ಉರ್ಕೋಬೇಡಿ.

ಭಾಗ 4/8: ತಪ್ಪು

ಒಂಬತ್ತನೇ ದಿನ ಅಕ್ಕನಿಗೆ ಕ್ಲಾಸ್ ತಡ ಆಯ್ತು. ನಾನು ಕ್ಯಾಂಪಸ್ ನೋಡೋಕೆ ಹೋಗಿದ್ದೆ. "ನೀನು ಹೋಗ್ತಿರು, ನಾನು ಬರ್ತೀನಿ" ಅಂದಳು. ರಾತ್ರಿ ಎಂಟು, ಚಳಿ, ಬಾಯಿಗೆ ಬರೋ ಹಿಂದಿ ಅಷ್ಟಕ್ಕಷ್ಟೇ. ಅಮ್ಮನಿಗೆ "ಹೊರಟೆ" ಅಂತ ಮೆಸೇಜ್ ಹಾಕಿ ಯೆಲ್ಲೋ ಲೈನ್ ಹತ್ತಿದೆ. ಮೊದಲ ಬೋಗಿ, ಮಹಿಳೆಯರದ್ದು. ದೆಹಲಿಯಲ್ಲಿ ಆ ಬೋಗಿ 2010ರ ಅಕ್ಟೋಬರ್‌ನಿಂದ ಇದೆ. ನಮ್ಮಲ್ಲೂ ಆರು ಬೋಗಿ ರೈಲು ಬಂದ ಮೇಲೆ ಮೊದಲನೆಯದು ನಮಗೇ ಮೀಸಲು. ಒಬ್ಬಳು ಹೈಲೈಟರ್ ಹಿಡ್ಕೊಂಡು ನೋಟ್ಸ್ ಓದ್ತಿದ್ಲು, ಇನ್ನೊಬ್ಬರು ಕಣ್ಣು ಮುಚ್ಚಿ ಕೂತಿದ್ರು, ಮಡಿಲಲ್ಲಿ ಆಫೀಸ್ ಬ್ಯಾಗ್, ಟಿಫನ್ ಡಬ್ಬಿ. ಯಾರೂ ಯಾರನ್ನೂ ನೋಡ್ತಿರ್ಲಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಐಎನ್‌ಎಯಲ್ಲಿ ಇಳಿದೆ. ಪಿಂಕ್ ಲೈನ್‌ಗೆ ಬಂದೆ. ರೈಲು ನಿಂತಿತ್ತು, ಓಡಿ ಹತ್ತಿದೆ. ಮುಂದೆ ಬರ್ಬೇಕಾದ್ದು ಸರೋಜಿನಿ ನಗರ, ಬಂದದ್ದು ಸೌತ್ ಎಕ್ಸ್‌ಟೆನ್ಷನ್. 'ಸ' ಅಂತ ಕೇಳಿದ ತಕ್ಷಣ ಸರಿ ಅಂದ್ಕೊಂಡು ಸುಮ್ನಿದ್ದೆ. ಲಜಪತ್ ನಗರ ಅಂದಾಗ ಎದೆ ಧಸಕ್ ಅಂತು. ಉಲ್ಟಾ ದಿಕ್ಕಿನ ರೈಲು ಹತ್ತಿದ್ದೆ.

ಇಳಿದೆ. ಸಿಐಎಸ್‌ಎಫ್ ಯೂನಿಫಾರ್ಮಿನ ಒಬ್ಬ ಮಹಿಳೆ ನಿಂತಿದ್ರು. "ಮೋತಿ ಬಾಗ್?" ಅಂದೆ. ಕೈ ತೋರಿಸಿದ್ರು. ಎದುರಿನ ಪ್ಲಾಟ್‌ಫಾರ್ಮ್‌ಗೆ ಹೋದೆ, ಸ್ವಲ್ಪ ಹೊತ್ತಲ್ಲೇ ರೈಲು ಬಂತು. ಮನೆಗೆ ಕಾಲು ಗಂಟೆ ತಡ. ಹೊರಗೆ ಹೋಗದೆ ವಾಪಸ್ ಬಂದಿದ್ದರಿಂದ ಕಾರ್ಡಿನಿಂದ ಒಂದು ರೂಪಾಯಿ ಹೆಚ್ಚು ಹೋಗ್ಲಿಲ್ಲ.

ಆ ರಾತ್ರಿ ನೋಟ್‌ಬುಕ್‌ನಲ್ಲಿ ಬರ್ಕೊಂಡೆ: ತಪ್ಪಿನ ಬೆಲೆ, 15 ನಿಮಿಷ.

ಯೋಚ್ನೆ ಮಾಡಿ. ರೈಲು ಎಷ್ಟು ನಿಮಿಷಕ್ಕೊಂದು ಅನ್ನೋದನ್ನ ನಾವು ಸೌಕರ್ಯ ಅಂದ್ಕೋತೀವಿ. ಆದ್ರೆ ರಾತ್ರಿ ಒಬ್ಬಳೇ ಇರುವಾಗ ಅದು ಧೈರ್ಯ. ನಮ್ಮ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಲ್ಲಿ ಒಂದು ರೈಲು ತಪ್ಪಿದ್ರೆ ತಪ್ಪಿನ ಬೆಲೆ 25 ನಿಮಿಷ. ಆಮೇಲೆ ರೈಲು ಸೇರಿದ ಹಾಗೆ ಅದು ಕಡಿಮೆಯಾಗ್ತಾ ಬಂತು. ನೇರಳೆಯಲ್ಲಿ ಆಫೀಸ್ ಹೊತ್ತಿನಲ್ಲಿ ನನಗೆ ಈ ಚಿಂತೆ ಇಲ್ಲ, ರಾತ್ರಿ ಹೊತ್ತಾದಂತೆ ಅಂತರ ಜಾಸ್ತಿ.

ಭಾಗ 5/8: ದುಡ್ಡು

ಈಗ ನಮ್ಮ ಸಬ್ಜೆಕ್ಟ್. ಎರಡೂ ಮೆಟ್ರೋ ಕಂಪನಿಗಳಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧ ಅರ್ಧ ಪಾಲು. ಇಬ್ಬರೂ ಜಪಾನಿನ ಜೈಕಾದಿಂದ ಸಾಲ ತಗೊಂಡಿದ್ದಾರೆ. ಮೆಟ್ರೋ ಅಂದ್ರೆ ಸ್ಥಿರ ವೆಚ್ಚದ ರಾಶಿ: ಸುರಂಗ, ಕಂಬ, ಬೋಗಿ. ರೈಲು ಖಾಲಿ ಓಡಿದ್ರೂ ಬಡ್ಡಿ ನಿಲ್ಲಲ್ಲ, ಸವಕಳಿ ನಿಲ್ಲಲ್ಲ. ಜನ ಹೆಚ್ಚು ಹತ್ತಿದಷ್ಟೂ ತಲೆಗೆ ಬೀಳೋ ವೆಚ್ಚ ಕಡಿಮೆ. ದರ ಹೆಚ್ಚಿಸಿದ್ರೆ ಆದಾಯ ಬರುತ್ತೆ, ಆದ್ರೆ ನಮ್ಮಂಥೋರು ಇಳಿದು ಹೋಗ್ತಾರೆ. ಕಾಸ್ಟ್ ಅಕೌಂಟಿಂಗ್ ಪಾಠ ಬೇರೆ ಏನು ಹೇಳಿ.

2025ರಲ್ಲಿ ಎರಡೂ ಊರಲ್ಲಿ ದರ ಏರಿತು. ನಮ್ಮಲ್ಲಿ ಫೆಬ್ರವರಿ 9: ಕನಿಷ್ಠ 10, ಗರಿಷ್ಠ 90. ಪ್ರಯಾಣಿಕರು ಗಲಾಟೆ ಮಾಡಿದ ಮೇಲೆ ಕೆಲವು ಕಡೆ ಸ್ವಲ್ಪ ಇಳಿಸಿದ್ರು, ಗರಿಷ್ಠ 90 ಹಾಗೇ ಉಳೀತು. ದೆಹಲಿಯಲ್ಲಿ ಆಗಸ್ಟ್ 25: ಕನಿಷ್ಠ 11, ಗರಿಷ್ಠ 64. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ಸುಮಾರು 43 ಕಿ.ಮೀ., ಕೊಡೋದು 90. ದೆಹಲಿಯಲ್ಲಿ ಅಷ್ಟೇ ದೂರಕ್ಕೆ 64.

ನನ್ನ ಲೆಕ್ಕ ಕೇಳಿ. ಕೆಂಗೇರಿಯಿಂದ ಕಾಲೇಜು, ಕಾಲೇಜಿನಿಂದ ಇಂದಿರಾನಗರ, ಅಲ್ಲಿಂದ ಮನೆ: ಎಲ್ಲವೂ ಮೆಟ್ರೋದಲ್ಲೇ ಅಂದ್ರೆ ದಿನಕ್ಕೆ ಹತ್ತಿರ ಹತ್ತಿರ 150. ತಿಂಗಳಿಗೆ 24 ದಿನ, 3,600. ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ರೈಲಿಗೆ. ದೆಹಲಿ ದರದಲ್ಲಿ ಇದೇ ದೂರಕ್ಕೆ ದಿನಕ್ಕೆ 120ರ ಆಸುಪಾಸು. ಅಷ್ಟೇನಾ ವ್ಯತ್ಯಾಸ ಅಂತೀರಾ? ತಿಂಗಳಿಗೆ 700 ರೂಪಾಯಿ. ನಮ್ಮ ಮನೆಯಲ್ಲಿ ಅದು ಹಾಲಿನ ದುಡ್ಡು.

ಆದ್ರೆ ನನ್ನ ಹತ್ರ ಒಂದು ತುರುಪು ಇದೆ. ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ಸೊನ್ನೆ. ಹಾಗಾದ್ರೆ ಬೆಳಿಗ್ಗೆ ಬಸ್: ನಲವತ್ತು ನಿಮಿಷ ಬೇಗ ಎದ್ರೆ ಆಯ್ತು, ಸೀಟ್ ಸಿಕ್ರೆ ಓದ್ಬಹುದು. ಮಧ್ಯಾಹ್ನ ಇಂದಿರಾನಗರಕ್ಕೂ ಬಸ್. ರಾತ್ರಿ ಮಾತ್ರ ಮೆಟ್ರೋ. ದಿನಕ್ಕೆ ಸುಮಾರು 75, ತಿಂಗಳಿಗೆ 1,800. ಕೈಗೆ ಉಳಿಯೋದು 5,200.

ಸಮಯ ಯಾವಾಗ ಅಗ್ಗ, ಯಾವಾಗ ದುಬಾರಿ ಅಂತ ನೋಡಿ ಕೊಂಡ್ಕೊಳ್ಳೋದು. ಅಷ್ಟೇ.

ಭಾಗ 6/8: ಕೊನೆಯ ಎರಡು ಕಿಲೋಮೀಟರ್

ವಿಶ್ವವಿದ್ಯಾಲಯ ಸ್ಟೇಷನ್ ಹೊರಗೆ ಬಂದ್ರೆ ಇ-ರಿಕ್ಷಾಗಳ ಸಾಲು. ಡ್ರೈವರ್‌ಗಳು ಕಾಲೇಜಿನ ಹೆಸರು ಕೂಗ್ತಾರೆ. ನಾಲ್ಕು ಜನ ತುಂಬಿದ ತಕ್ಷಣ ಹೊರಡುತ್ತೆ. ತಲೆಗೆ ಇಷ್ಟು ಅಂತ ಚಿಲ್ಲರೆ ಕೊಟ್ಟು ಇಳಿಯೋದು. ಪಕ್ಕದಲ್ಲಿ ಯಾರು ಅಂತ ಯಾರಿಗೂ ಗೊತ್ತಿಲ್ಲ, ದಾರಿ ಒಂದೇ ಅಷ್ಟೇ.

ನಮ್ಮಲ್ಲಿ ಆಟೋ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿ.ಮೀ.ಗೆ ಮೀಟರ್ 36 ರೂಪಾಯಿ. ಒಬ್ಬಳೇ ಹೋದ್ರೆ ತಿಂಗಳಿಗೆ 864. ರಾತ್ರಿ ಒಂಬತ್ತೂವರೆಗೆ ನಮ್ಮ ರಸ್ತೆ ಕಡೆ ಬಸ್ ಸಿಕ್ಕರೆ ಸಿಕ್ತು. ನಡೆದ್ರೆ ಇಪ್ಪತ್ತೈದು ನಿಮಿಷ, ಅರ್ಧ ದಾರಿ ಖಾಲಿ ಸೈಟು, ನಾಯಿ, ಕತ್ತಲೆ.

ಎರಡು ಊರಿನ ವ್ಯತ್ಯಾಸ ನನಗೆ ನಿಜವಾಗಿ ಕಂಡಿದ್ದು ಇಲ್ಲಿ, ರೈಲು ಮುಗಿದ ಮೇಲೆ. ಹತ್ತಾರು ಕಿಲೋಮೀಟರನ್ನ ಎಸಿ ಬೋಗಿಯಲ್ಲಿ ಸಲೀಸಾಗಿ ದಾಟಿ ಬಂದು, ಉಳಿದ ಎರಡಕ್ಕೆ ಕೈಲಿ ಕೀ ಗಟ್ಟಿಯಾಗಿ ಹಿಡ್ಕೊಂಡು ನಡೆಯೋ ಹುಡುಗಿಯರು ಈ ಪೋಸ್ಟ್ ಓದ್ತಿದ್ದೀರ. ನನಗೆ ಗೊತ್ತು.

ಊರಿಗೆ ಬಂದ ಮೇಲೆ ನೋಟ್‌ಬುಕ್ ಅಪ್ಪನ ಮುಂದೆ ಇಟ್ಟೆ. ಪೂರ್ತಿ ಓದಿದ್ರು. ನಾಲ್ಕನೇ ಕಾಲಂನಲ್ಲಿ ಆಟೋ 864 ಅಂತ ಇತ್ತು. ಅದರ ಮೇಲೆ ಬೆರಳಿಟ್ಟು, "ಇದು ಹೊಡೆದು ಹಾಕು. ನಾನು ಬರ್ತೀನಿ ಸ್ಟೇಷನ್ ಹತ್ರ. ಆ ಹೊತ್ತಿಗೆ ನನ್ಗೇನು ಕೆಲಸ" ಅಂದ್ರು.

ಹೊಡೆದು ಹಾಕಿ ಸೊನ್ನೆ ಬರೆದೆ. ಕೆಲಸಕ್ಕೆ ಸೇರಿದೆ.

ಭಾಗ 7/8: ದನಿ

ಒಂದು ವಿಷಯ ನಾಲ್ಕು ಕಾಲಂನಲ್ಲಿ ಎಲ್ಲೂ ಹಿಡೀಲಿಲ್ಲ. ದೆಹಲಿ ಮೆಟ್ರೋದಲ್ಲಿ ಹಿಂದಿ ಘೋಷಣೆ ಶಮ್ಮಿ ನಾರಂಗ್ ಅವರದು, ಇಂಗ್ಲಿಷ್ ರಿನಿ ಸೈಮನ್ ಖನ್ನಾ ಅವರದು. ಇಬ್ಬರದೂ ಚೆನ್ನಾದ ದನಿ. ಹನ್ನೆರಡು ದಿನ ಕೇಳಿದೆ. ಅರ್ಥ ಆಗ್ತಿತ್ತು, ಆದ್ರೆ ಪ್ರತಿ ಸಲ ಕಿವಿ ನಿಮಿರಿಸ್ಕೊಂಡು ಕೇಳ್ಬೇಕಿತ್ತು. ಆವತ್ತು 'ಸ' ಅಂದ ತಕ್ಷಣ ಮೋಸ ಹೋದದ್ದೂ ಅದಕ್ಕೇ.

ವಾಪಸ್ ಬಂದ ದಿನ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹತ್ತಿದ್ವಿ. ಅಮ್ಮ ಲಗೇಜ್ ಮೇಲೆ ಕೈ ಇಟ್ಟು ತೂಕಡಿಸ್ತಿದ್ರು. ಮುಂದಿನ ನಿಲ್ದಾಣ ಅಂತ ಅಪರ್ಣಾ ಅವರ ದನಿ ಬಂತು. ಅಮ್ಮ ಕಣ್ಣು ತೆಗೀದೆ, "ಬಂತಾ ನಮ್ಮೂರು" ಅಂದ್ರು.

ಅಪರ್ಣಾ ಅವರು 2024ರ ಜುಲೈ 11ರಂದು ತೀರಿಕೊಂಡ್ರು. ಅಂಥವರ ದನಿ ನಮ್ಮನ್ನ ಎಚ್ಚರಿಸ್ತಾ, ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ಹೇಳ್ತಾ ಇರುತ್ತೆ. ಕೆಲಸ ಮುಗಿಸಿ ಸುಸ್ತಾಗಿ ಕೂತಾಗ ನಾನೂ ಈಗ ಕಣ್ಣು ಮುಚ್ಚಿಕೊಳ್ತೀನಿ. ಕೆಂಗೇರಿ ಅಂದ ತಕ್ಷಣ ಎಚ್ಚರ ಆಗುತ್ತೆ. ಒಂದು ಊರಲ್ಲಿ ಕಣ್ಣು ಮುಚ್ಚಿ ಕೂರೋಕೆ ಆಗೋದು ಅಂದ್ರೆ ಸಣ್ಣ ವಿಷಯ ಅಲ್ಲ.

ಭಾಗ 8/8

ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ದಿನಾ ಒಂಬತ್ತೂವರೆಗೆ ಸ್ಟೇಷನ್ ಕೆಳಗೆ ಅಪ್ಪನ ಲಗೇಜ್ ಆಟೋ. ಮುಂದೆ ಅಪ್ಪನ ಪಕ್ಕ ಒತ್ತಿಕೊಂಡು ಕೂತು, ಆಫೀಸ್ ಕಥೆ ಹೇಳ್ತಾ ಮನೆ.

ಒಂದು ರಾತ್ರಿ ಅಪ್ಪನ ಫೋನ್ ಬಂತು. ಗಾಡಿ ಓಡಿಸ್ತಿದ್ರಲ್ಲ, ಸ್ಪೀಕರ್ ಹಾಕು ಅಂದ್ರು. ಆ ಕಡೆಯವರು, "ಏನಣ್ಣ, ಇವತ್ತೂ ಬರಲ್ವಾ? ಎಂಟು ಗಂಟೆ ಲೋಡು ಬಿಟ್ಟು ಬಿಟ್ಟು ಎಷ್ಟು ದಿನ ಆಯ್ತು. ಬೇರೆಯವರನ್ನ ಕರೀಲಾ?" ಅಂದ್ರು. ಅಪ್ಪ, "ಆಮೇಲೆ ಮಾತಾಡ್ತೀನಿ" ಅಂದ್ರು. ನಾನು ಏನೂ ಕೇಳ್ಲಿಲ್ಲ. ಅವರೂ ಏನೂ ಹೇಳ್ಲಿಲ್ಲ.

ಸಂಜೆ ಲೋಡು ಅಂದ್ರೆ 400 ರೂಪಾಯಿ. ವಾರಕ್ಕೆ ಎರಡೋ ಮೂರೋ ಸಿಗ್ತಿತ್ತು.

ಬಿಕಾಂ ಎರಡನೇ ವರ್ಷ. ಅವಕಾಶ ವೆಚ್ಚ ಅಂದ್ರೇನು ಅಂತ ಕೇಳಿದ್ರೆ ಐದು ಮಾರ್ಕ್ಸಿಗೆ ಉದಾಹರಣೆ ಸಮೇತ ಬರೀತೀನಿ. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಅಪ್ಪ ಕಾಯೋ ಹೊತ್ತಿಗೆ ಸೊನ್ನೆ ಅಂತ ಬರೆದಿದ್ದೆ. ಆ ಸೊನ್ನೆ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಇತ್ತು. ನಾನು ದುಡಿದು ಉಳಿಸ್ತಿದ್ದದ್ದು 5,200.

ಮಾರನೇ ದಿನ ರೈಲಿನಲ್ಲಿ ಧೈರ್ಯ ಮಾಡಿದೆ. ಮೊದಲ ಬೋಗಿಯಲ್ಲಿ ದಿನಾ ಕಾಣೋ ಎರಡು ಮುಖ ಇದ್ವು. ಒಬ್ಬರು ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಮಾಡೋ ಅಕ್ಕ, ಇನ್ನೊಬ್ಬಳು ಬಟ್ಟೆ ಅಂಗಡಿಯವಳು. "ನೀವು ಉಪನಗರದ ಕಡೆನಾ?" ಅಂತ ಕೇಳಿದೆ. ಇಬ್ಬರೂ ಹೌದು ಅಂದ್ರು. ವಾರಗಟ್ಟಲೆ ಒಂದೇ ಬೋಗಿಯಲ್ಲಿ ಬಂದು, ಒಂದೇ ಮೆಟ್ಟಿಲು ಇಳಿದು, ಮೂರು ದಾರಿ ಆಗ್ತಿದ್ವಿ. ಈಗ ಮೂವರೂ ಒಂದೇ ಆಟೋ. 36 ಭಾಗಿಸು 3, ತಲೆಗೆ 12. ದೆಹಲಿಯಿಂದ ನಾನು ತಂದದ್ದು ಇಷ್ಟೇ, ವಿಶ್ವವಿದ್ಯಾಲಯ ಸ್ಟೇಷನ್ನಿನ ಹೊರಗಿನ ಆ ಇ-ರಿಕ್ಷಾ ಸಾಲು.

ಅಪ್ಪ ಮೊದಲ ವಾರ ಒಪ್ಪಲಿಲ್ಲ. ನಮ್ಮ ಆಟೋ ಹಿಂದೆಯೇ ತಮ್ಮ ಗಾಡಿ ತಂದ್ರು. ಎರಡನೇ ವಾರ ಲ್ಯಾಬ್ ಅಕ್ಕನ ನಂಬರ್ ಇಸ್ಕೊಂಡ್ರು. ಈಗ ಲೋಡಿಗೆ ಹೋಗ್ತಾರೆ. ಒಂಬತ್ತೂಮುಕ್ಕಾಲಿಗೆ ಮಾತ್ರ ತಪ್ಪದೆ ಫೋನ್: "ಬಾಗಿಲು ತೆಗೆದ್ಲಾ ಅಮ್ಮ?"

ಯಾವ ಊರಿನ ಮೆಟ್ರೋ ಚೆಂದ ಅಂತ ಕೇಳೋರಿಗೆ ನನ್ನ ಉತ್ತರ ಇದು. ರೈಲು ಇಳಿದ ಮೇಲೆ ಮನೆ ತನಕ ಯಾರು ತಮ್ಮ ಹೊತ್ತು ಕೊಟ್ಟು ನಿಮ್ಮನ್ನ ತಲುಪಿಸ್ತಿದ್ದಾರೆ ಅಂತ ಮೊದಲು ಲೆಕ್ಕ ಹಾಕಿ. ಅಪ್ಪನೋ, ಅಣ್ಣನೋ, ಪಕ್ಕದ ಮನೆಯವರೋ. ಆ ಕಾಲಂನಲ್ಲಿ ಸೊನ್ನೆ ಬರೀಬೇಡಿ.

ನಿಮ್ಮ ಕೊನೆಯ ಎರಡು ಕಿಲೋಮೀಟರ್ ಹೇಗೆ? ಕಾಮೆಂಟ್‌ನಲ್ಲಿ ಸ್ಟೇಷನ್ ಹೆಸರು ಬೇಡ, ಎಲ್ಲರೂ ನೋಡ್ತಾರೆ. ಹೇಗೆ ಹೋಗ್ತೀರ ಅಂತ ಮಾತ್ರ ಹೇಳಿ. ನಾಳೆ ಮೊದಲ ಬೋಗಿಯಲ್ಲಿ ದಿನಾ ಕಾಣೋ ಮುಖ ಸಿಕ್ಕರೆ, ಒಂದ್ಸಲ ಕೇಳಿ ನೋಡಿ.

#ನಮ್ಮಮೆಟ್ರೋ #ದೆಹಲಿಮೆಟ್ರೋ #ಬಿಕಾಂಲೆಕ್ಕ #ಕೊನೆಯಎರಡುಕಿಲೋಮೀಟರ್